ಲಡ್ಡುವಿನ ಹನ್ನೊಂದು ಗಂಟೆ: ಬನ್ನೇರುಘಟ್ಟ ರಸ್ತೆಯ ಒಂದು ಲ್ಯಾಬ್ರಡಾರ್ ಪ್ರಕರಣ

2023ರ ಜೂನ್‌ನಲ್ಲಿ ಬನ್ನೇರುಘಟ್ಟ ರಸ್ತೆಯ ಒಂದು ಅಪಾರ್ಟ್‌ಮೆಂಟಿನಿಂದ ಫೋನು ಬಂತು. ವಾಕಿಂಗ್ ವಿಚಾರಕ್ಕಲ್ಲ. "ಮೇಡಂ, ನಮ್ಮ ಲ್ಯಾಬ್ರಡಾರ್‌ನ ಯಾರಾದ್ರೂ ಒಳ್ಳೆಯವರು ಸಾಕಿಕೊಳ್ತಾರಾ? ತೋಟದ ಮನೆ ಇರೋರು ಯಾರಾದ್ರೂ ಗೊತ್ತಾ?" ಅಂತ ಕೇಳೋದಕ್ಕೆ.

ನಾನು ದಕ್ಷಿಣ ಬೆಂಗಳೂರಿನಲ್ಲಿ ಡಾಗ್ ವಾಕಿಂಗ್ ಕೆಲಸ ಮಾಡುತ್ತೇನೆ, ಜೊತೆಗೆ ಇಬ್ಬರು ಹುಡುಗರಿದ್ದಾರೆ. ಇಂಥ ಫೋನುಗಳು ಬರುತ್ತಲೇ ಇರುತ್ತವೆ. ಈ ಒಂದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿದ್ದು ಯಾಕೆಂದರೆ, ಈ ಮನೆಯಲ್ಲಿ ನಾಯಿಯ ಮೇಲೆ ಪ್ರೀತಿಗೆ ಕೊರತೆ ಇರಲಿಲ್ಲ, ಕೈಯಲ್ಲಿ ದುಡ್ಡಿಲ್ಲ ಅಂತಲೂ ಇರಲಿಲ್ಲ, ಆದರೂ ಎರಡೂವರೆ ವರ್ಷ ಸಾಕಿದ ನಾಯಿಯನ್ನು ಕೊಟ್ಟುಬಿಡುವ ಮಾತಿಗೆ ಬಂದಿದ್ದರು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ನಾಯಿಯ ಹೆಸರು ಮಾತ್ರ ಬದಲಿಸಿದ್ದೇನೆ, ಲಡ್ಡು ಅಂತ ಇಟ್ಟುಕೊಳ್ಳೋಣ.

ಮನೆ ಹೇಗಿತ್ತು

ಎಂಟನೇ ಮಹಡಿ, ಎರಡು ಬೆಡ್‌ರೂಮಿನ ಫ್ಲ್ಯಾಟ್. ಗಂಡ ಹೆಂಡತಿ ಇಬ್ಬರೂ ಐಟಿ. ಲಡ್ಡು 2021ರ ಆರಂಭದಲ್ಲಿ ಮರಿಯಾಗಿ ಬಂದವನು. ಆಗ ಕೋವಿಡ್ ಕಾಲ, ಇಬ್ಬರಿಗೂ ಮನೆಯಿಂದಲೇ ಕೆಲಸ. ಲಸಿಕೆಗಳು ಮುಗಿದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಕೆಳಗೆ ಹೋಗಿಬರುತ್ತಿದ್ದ, ಮೀಟಿಂಗ್ ನಡೆಯುವಾಗ ಟೇಬಲ್ ಕೆಳಗೆ ಮಲಗುತ್ತಿದ್ದ. 2023ರಲ್ಲಿ ಆಫೀಸುಗಳು ವಾಪಸ್ ಕರೆದವು. ಹೆಂಡತಿಗೆ ವೈಟ್‌ಫೀಲ್ಡ್, ಗಂಡನಿಗೆ ಎಲೆಕ್ಟ್ರಾನಿಕ್ ಸಿಟಿ. ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ವಾಪಸ್ ಬರೋದು ರಾತ್ರಿ ಏಳೂವರೆಗೆ. ಅಂದರೆ ಹನ್ನೊಂದು ಗಂಟೆ.

ಗಂಡನ ತಾಯಿ ತುಮಕೂರಿನಿಂದ ಬಂದು ಜೊತೆಗಿದ್ದರು, ಹಾಗಾಗಿ ನಾಯಿ ಒಂಟಿಯಾಗಿರಲಿಲ್ಲ. ಮೊದಮೊದಲು ಮಧ್ಯಾಹ್ನ ಅಜ್ಜಿಯೇ ಕೆಳಗೆ ಕರೆದುಕೊಂಡು ಹೋಗುತ್ತಿದ್ದರು. ಏಪ್ರಿಲ್‌ನಲ್ಲಿ ಗೇಟಿನ ಹತ್ತಿರ ಬೀದಿನಾಯಿ ಬೊಗಳಿತು, ಲಡ್ಡು ಒಂದೇ ಸಲ ಎಳೆದ, ಚೈನು ಕೈಗೆ ಸುತ್ತಿಕೊಂಡಿದ್ದ ಅಜ್ಜಿ ಮುಗ್ಗರಿಸಿ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಅಲ್ಲಿಂದಾಚೆ ಹಗಲು ಹೊತ್ತು ಲಡ್ಡು ಬಾಲ್ಕನಿಯಲ್ಲಿ, ಚೈನಿನಲ್ಲಿ.

ಸುಮ್ಮನೆ ಕೈಕಟ್ಟಿ ಕೂತವರಲ್ಲ ಇವರು. ಕೆಳಗೆ ಕಾರು ತೊಳೆಯುವ ಹುಡುಗನಿಗೆ ತಿಂಗಳಿಗೆ 1,500 ರೂಪಾಯಿ ಕೊಟ್ಟು ಮಧ್ಯಾಹ್ನ ಕರೆದುಕೊಂಡು ಹೋಗೋದಕ್ಕೆ ಹೇಳಿದ್ದರು. ಅವನು ಬರುತ್ತಿದ್ದ, ಬೇಸ್‌ಮೆಂಟಿಗೆ ಕರೆದುಕೊಂಡು ಹೋಗುತ್ತಿದ್ದ, ಅದೇ ಕಂಬದ ಹತ್ತಿರ ಮೂತ್ರ ಮಾಡಿಸಿ ಹತ್ತು ನಿಮಿಷದಲ್ಲಿ ವಾಪಸ್ ಬಿಡುತ್ತಿದ್ದ. ಆ ಹುಡುಗನದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಅವನಿಗೆ ನಾಯಿಯ ಬಗ್ಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ಅವನ ಕೆಲಸ ಬೇರೆ ಇತ್ತು. ಆದರೆ ಮನೆಯವರು "ನಾವು ವಾಕಿಂಗ್ ಮಾಡಿಸ್ತಾ ಇದ್ದೀವಲ್ಲ, ಆದ್ರೂ ಹೀಗೆ" ಅಂದುಕೊಂಡಿದ್ದರು. ಈ ಪ್ರಕರಣದ ಗಂಟು ಇದ್ದದ್ದೇ ಇಲ್ಲಿ.

ದೂರುಗಳು ಹೀಗಿದ್ದವು. ಮಧ್ಯಾಹ್ನದಿಂದ ಬೊಗಳಾಟ, ಅಸೋಸಿಯೇಷನ್ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಜಗಳ. ಬಾಲ್ಕನಿಯಲ್ಲಿ ಮಾಡಿದ ಮೂತ್ರ ಹರಿದು ಏಳನೇ ಮಹಡಿಯವರ ಒಣಹಾಕಿದ ಬಟ್ಟೆ ಮೇಲೆ. ಸಂಜೆ ಬಿಟ್ಟ ತಕ್ಷಣ ಹುಚ್ಚು ಓಟ, ಸೋಫಾ ಹರಿದದ್ದು. ತೂಕ 38 ಕೆಜಿ. ಮೇಲಿಂದ ಅಸೋಸಿಯೇಷನ್‌ನವರು ನಾಯಿಯನ್ನು ಲಿಫ್ಟಿನಲ್ಲಿ ತರಬೇಡಿ ಅಂತ ನೋಟಿಸ್ ಕೊಟ್ಟಿದ್ದರು. ಎಂಟು ಮಹಡಿ ಇಳಿದು ಹತ್ತೋರು ಯಾರು?

ಎರಡು ಕಾನೂನಿನ ಮಾತು

ಲಿಫ್ಟಿನ ವಿಷಯ ಸುಲಭ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಸಾಕುನಾಯಿ ಇಟ್ಟುಕೊಳ್ಳಬೇಡಿ ಅಂತಾಗಲಿ, ಲಿಫ್ಟ್ ಬಳಸಬೇಡಿ ಅಂತಾಗಲಿ ನಿವಾಸಿಗಳ ಸಂಘ ಹೇಳುವಂತಿಲ್ಲ. ಅದರ ಪ್ರತಿ ಕೊಟ್ಟು, ಜನ ಜಾಸ್ತಿ ಇರುವ ಹೊತ್ತಿನಲ್ಲಿ ಬರೋದಿಲ್ಲ, ಗಲೀಜು ಮಾಡಿದರೆ ನಾವೇ ಎತ್ತುತ್ತೇವೆ ಅಂತ ಮನೆಯವರು ಬರೆದುಕೊಟ್ಟರು. ನೋಟಿಸ್ ವಾಪಸ್ ಹೋಯಿತು. ಕಾನೂನು ತೋರಿಸಿದ್ದಕ್ಕಿಂತ ಆ ಮಾತು ಕೊಟ್ಟದ್ದೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅಂದಾಜು.

ಎರಡನೆಯದು ಮನೆಯವರಿಗೇ ಹೇಳಬೇಕಾದದ್ದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅಂದರೆ ಹೊಡೆಯೋದು, ಬಡಿಯೋದು ಅಂತ ಎಲ್ಲರಿಗೂ ಗೊತ್ತು. ಅದರಲ್ಲೇ ಇನ್ನೊಂದು ಉಪವಿಭಾಗ ಇದೆ. ಯಾವಾಗಲೂ ಕಟ್ಟಿಹಾಕಿದ, ಇಲ್ಲವೇ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದೆ ಬಿಟ್ಟರೆ, ಅಥವಾ ಬೇರೆಯವರಿಂದಲೂ ಮಾಡಿಸದಿದ್ದರೆ, ಅದೂ ಹಿಂಸೆಯೇ. ಅರವತ್ತು ವರ್ಷಕ್ಕೂ ಹಿಂದೆ ಬರೆದವರಿಗೆ ಇದು ಗೊತ್ತಿತ್ತು! ಇದನ್ನು ಓದಿ ಹೇಳಿದಾಗ ಸೊಸೆ ಕಣ್ಣು ತುಂಬಿಕೊಂಡರು. ಹೆದರಿಸೋದಕ್ಕೆ ಹೇಳಿದ್ದಲ್ಲ. ತೋಟದ ಮನೆ ಅಂದ ತಕ್ಷಣ ನಾಯಿ ಹಸಿರಿನಲ್ಲಿ ಓಡಾಡಿಕೊಂಡಿರುತ್ತೆ ಅಂತ ನಾವು ಕಲ್ಪಿಸಿಕೊಳ್ಳುತ್ತೇವೆ, ಅಲ್ವಾ? ನಾನು ನೋಡಿದ ಎಷ್ಟೋ ತೋಟದ ಮನೆಗಳಲ್ಲಿ ನಾಯಿ ಇರೋದು ಗೇಟಿನ ಪಕ್ಕದ ಕಂಬಕ್ಕೆ ಕಟ್ಟಿದ ಚೈನಿನ ಉದ್ದದಷ್ಟು ಜಾಗದಲ್ಲೇ. ಬಾಲ್ಕನಿಯಿಂದ ಅಲ್ಲಿಗೆ ಕಳಿಸಿದರೆ ನಾಯಿಗೆ ಏನು ಬದಲಾದ ಹಾಗಾಯಿತು?

ಮೊದಲು ನೋಡಿದ್ದು

ಕೆಲಸಕ್ಕೆ ಒಪ್ಪುವ ಮೊದಲು ಡಾಕ್ಟರ ಹತ್ತಿರ ತೋರಿಸಿಕೊಂಡು ಬನ್ನಿ ಅಂದೆ. ಭಾರದ ಲ್ಯಾಬ್ರಡಾರ್‌ಗೆ ಸೊಂಟದ ಕೀಲು, ಮೊಣಕೈ ಕೀಲಿನ ತೊಂದರೆ ಇದ್ದರೆ ನಡೆಸಿ ನಡೆಸಿ ಹಾಳು ಮಾಡಬಹುದು. ಕೀಲು ಸರಿಯಿತ್ತು. ರೇಬೀಸ್ ಮತ್ತು ಉಳಿದ ಲಸಿಕೆಗಳು ಆಗಿದ್ದವು. ದೇಹಸ್ಥಿತಿಯನ್ನು ಡಾಕ್ಟರು 9ರಲ್ಲಿ 8 ಅಂತ ಬರೆದಿದ್ದರು. ಆ ಅಳತೆಯಲ್ಲಿ 4ರಿಂದ 5 ಇರಬೇಕು. ಪಕ್ಕೆ ಮೇಲೆ ಕೈಯಾಡಿಸಿದರೆ ಎಲುಬು ಸಿಗುತ್ತಿರಲಿಲ್ಲ.

ಆಮೇಲೆ ಒಂದು ವಿಷಯ ಬೇರ್ಪಡಿಸಿ ನೋಡಬೇಕಿತ್ತು. ಬೊಗಳುವ ನಾಯಿಗೆಲ್ಲ ವಾಕಿಂಗ್ ಮದ್ದಲ್ಲ. ಮನೆಯವರು ಹೊರಟರೆ ಸಾಕು ಗಾಬರಿಯಾಗುವ ನಾಯಿಗಳಿವೆ. ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೇ ಜೊಲ್ಲು ಸುರಿಸಿ, ಬಾಗಿಲು ಕೆರೆದು, ಗೋಳಿಡುತ್ತವೆ. ಅವಕ್ಕೆ ಬೇಕಾದದ್ದು ಬೇರೆ ತರಬೇತಿ, ಕೆಲವೊಮ್ಮೆ ಔಷಧಿ. ಒಂದು ಶನಿವಾರ ಮೂವರೂ ಹೊರಗೆ ಹೋದರು, ಹಳೇ ಫೋನೊಂದನ್ನು ಕ್ಯಾಮೆರಾ ಮಾಡಿ ಹಾಲಿನಲ್ಲಿಟ್ಟರು. ಲಡ್ಡು ಬಾಗಿಲ ಹತ್ತಿರ ಒಂದು ಸುತ್ತು ಬಂದು ಫ್ಯಾನಿನ ಕೆಳಗೆ ಅಡ್ಡಾದ. ಅಜ್ಜಿ ಹೇಳಿದ್ದೂ ಅದಕ್ಕೆ ಹೊಂದುತ್ತಿತ್ತು: "ಹನ್ನೊಂದು ಗಂಟೆ ತನಕ ತಣ್ಣಗೆ ಬಿದ್ದಿರತ್ತಮ್ಮ. ಆಮೇಲೆ ಎದ್ದು ಅತ್ಲಾಗೆ ಇತ್ಲಾಗೆ ಓಡಾಡತ್ತೆ. ಲಿಫ್ಟು ಟಿಂಗ್ ಅಂದ್ರೆ ಶುರು."

ಹಾಗಾದರೆ ಇದು ಒಂಟಿತನದ ಗಾಬರಿ ಅಲ್ಲ. ಬೆಳಗ್ಗೆ ಏಳಕ್ಕೆ ಖಾಲಿಯಾದ ಹೊಟ್ಟೆ, ಮೂತ್ರಕೋಶ ಮಧ್ಯಾಹ್ನಕ್ಕೆ ಮತ್ತೆ ತುಂಬಿರುತ್ತಿತ್ತು. ದೊಡ್ಡ ನಾಯಿ ಆರೆಂಟು ಗಂಟೆ ತಡೆದುಕೊಳ್ಳಬಹುದು, ಆದರೆ ಮಧ್ಯಾಹ್ನದ ಹತ್ತು ನಿಮಿಷದಲ್ಲಿ ಬೇಸ್‌ಮೆಂಟಿನ ಸಿಮೆಂಟಿನ ಮೇಲೆ ಅವನು ಮಲವಿಸರ್ಜನೆ ಮಾಡುತ್ತಲೇ ಇರಲಿಲ್ಲ. ಜೊತೆಗೆ ಹನ್ನೆರಡರಿಂದ ಎರಡರ ತನಕ ಊಟ ತರುವ ಡೆಲಿವರಿ ಹುಡುಗರು, ಲಿಫ್ಟಿನ ಸದ್ದು, ಮೇಲೆ ಬಾಲ್ಕನಿಯಿಂದ ಕಾಣುವ ಬೀದಿನಾಯಿಗಳು. ಎಲ್ಲ ಕೇಳಿಸುತ್ತೆ, ಎಲ್ಲ ಕಾಣಿಸುತ್ತೆ, ಯಾವುದರ ಹತ್ತಿರವೂ ಹೋಗೋ ಹಾಗಿಲ್ಲ.

ಗಂಡ "ದಿನಾ ಐದು ಕಿಲೋಮೀಟರ್ ಓಡಿಸಿಬಿಡಿ, ಸುಸ್ತಾಗಿ ಮಲಗ್ತಾನೆ" ಅಂದರು. ನಾನು ಒಪ್ಪಲಿಲ್ಲ. 38 ಕೆಜಿ ತೂಕದ ನಾಯಿಯನ್ನು ಟಾರು ರಸ್ತೆಯಲ್ಲಿ ಓಡಿಸೋದು ಕೀಲಿಗೆ ಒಳ್ಳೆಯದಲ್ಲ. ಇವನಿಗೆ ಬೇಕಿದ್ದದ್ದು ದೂರ ಅಲ್ಲ, ಸರಿಯಾದ ಹೊತ್ತು. ಮತ್ತೆ ಮೂಗಿಗೆ ಕೆಲಸ.

ನಡಿಗೆ ಹೇಗೆ ಮಾಡಿದೆವು

ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 11 ಗಂಟೆಗೆ ನಲವತ್ತು ನಿಮಿಷ. ನಮ್ಮ ಹುಡುಗರಲ್ಲಿ ಒಬ್ಬನೇ, ಯಾವಾಗಲೂ ಅವನೇ. ಕನಕಪುರದ ಕಡೆಯವನು, ಮನೆಯಲ್ಲಿ ಹಸು ಕುರಿ ಕಂಡವನು, ಪ್ರಾಣಿಯ ಮೈ ನೋಡಿ ಮನಸ್ಸು ತಿಳಿಯುವುದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದು ಹೊತ್ತಿಗೆ ಒಂದೇ ನಾಯಿ. ನಾಲ್ಕೈದು ನಾಯಿ ಒಟ್ಟಿಗೆ ಹಿಡಿದು ನಡೆಯುವ ಫೋಟೋ ಚೆನ್ನಾಗಿ ಕಾಣುತ್ತೆ, ಆದರೆ ನಮ್ಮ ಬೀದಿಗಳಲ್ಲಿ ಅದು ಅಪಾಯ.

ಮೊದಲ ದಿನಗಳಲ್ಲಿ ಮನೆಯೊಳಗೇ ಪರಿಚಯ, ನಡಿಗೆ ಇಲ್ಲ. ಕತ್ತಿನ ಬೆಲ್ಟಿಗೆ ಹಾಕಿದ್ದ ಚೈನು ತೆಗೆದು, ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಎದೆ ಸುತ್ತ ಹಾಕುವ ಪಟ್ಟಿ) ಹಾಕಿಸಿದೆವು. ಎಳೆದರೆ ಕತ್ತು ಬಿಗಿಯೋದಿಲ್ಲ, ಮೈ ಪಕ್ಕಕ್ಕೆ ತಿರುಗುತ್ತೆ, ಎಳೆಯುವ ಬಲ ತಾನಾಗಿ ಕಡಿಮೆಯಾಗುತ್ತೆ. ಜೊತೆಗೆ ಕತ್ತಿನ ಬೆಲ್ಟಿಗೂ ಇನ್ನೊಂದು ಹಗ್ಗ, ಒಂದು ಕಳಚಿದರೆ ಇನ್ನೊಂದು ಇರಲಿ ಅಂತ. ಫೋನ್ ನಂಬರು ಕೆತ್ತಿಸಿದ ಬಿಲ್ಲೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಅನ್ನೋದನ್ನು ನಮ್ಮ ಹುಡುಗ ಅಜ್ಜಿಗೂ ತೋರಿಸಿಕೊಟ್ಟ.

ಮೊದಲ ನಡಿಗೆಯನ್ನು ನಾನೂ ಜೊತೆಗಿದ್ದು ನೋಡಿದೆ. ಗೇಟು ದಾಟಿದ ಮೇಲೆ ಎಡಕ್ಕೆ ಹೊಂಗೆ ಮರದ ಸಾಲು, ಕೊನೆಗೊಂದು ಎಳನೀರು ಗಾಡಿ, ಅದರ ಪಕ್ಕ ಬುರುಡೆಗಳ ರಾಶಿ. ಲಡ್ಡು ಆ ರಾಶಿಯ ಹತ್ತಿರ ನಿಂತವನು ಕದಲಲಿಲ್ಲ. ಒಂದೊಂದೇ ಬುರುಡೆ. ಮೂಗಿನ ಹೊಳ್ಳೆ ಪಟಪಟ ಅನ್ನುತ್ತಿತ್ತು, ಬಾಲ ಅಡ್ಡಕ್ಕೆ ನಿಧಾನ ಆಡುತ್ತಿತ್ತು, ಕಿವಿ ಹಿಂದಕ್ಕೆ ಸಡಿಲ ಬಿಟ್ಟಿದ್ದ. ಒಂದು ಬುರುಡೆಯನ್ನು ಮೂಸಿ, ಮುಂದೆ ಹೋಗಿ, ಏನೋ ನೆನಪಾದವನಂತೆ ವಾಪಸ್ ಬಂದು ಮತ್ತೆ ಅದನ್ನೇ ಮೂಸಿದ. ನಮ್ಮ ಹುಡುಗ ಹಗ್ಗ ಸಡಿಲ ಬಿಟ್ಟು ಸುಮ್ನೆ ನಿಂತಿದ್ದ. ಎಳನೀರಿನವರು "ಏನ್ ಸ್ವಾಮಿ, ಇವತ್ತೆಲ್ಲ ಇಲ್ಲೇನಾ?" ಅಂದರು. ಅಲ್ಲೇ ಪಕ್ಕದ ಮಣ್ಣಿನಲ್ಲಿ ಅವನು ಹೊಟ್ಟೆ ಖಾಲಿ ಮಾಡಿಕೊಂಡ. ಚೀಲದಲ್ಲಿ ಎತ್ತಿಕೊಂಡೆವು.

ಆ ನಲವತ್ತು ನಿಮಿಷದಲ್ಲಿ ನಡೆದದ್ದು ಒಂದು ಕಿಲೋಮೀಟರೂ ಇರಲಿಲ್ಲ. ವಾಪಸ್ ಬಂದವನು ನೀರು ಕುಡಿದು ಮಲಗಿದ. ಡೆಲಿವರಿ ಹೊತ್ತು ನಿದ್ದೆಯಲ್ಲೇ ಕಳೆಯಿತು.

ಮೂಸುವುದಕ್ಕೆ ನಾನು ಇಷ್ಟು ಮಹತ್ವ ಕೊಡುವುದು ಸುಮ್ನೆ ಅಲ್ಲ. 2019ರಲ್ಲಿ ಡುರಾಂಟನ್ ಮತ್ತು ಹೊರೊವಿಟ್ಜ್ ಅನ್ನುವ ಇಬ್ಬರು ಸಂಶೋಧಕರು ಸಾಕುನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೂಸಿ ಹುಡುಕುವ ಆಟ, ಇನ್ನೊಂದಕ್ಕೆ ಮಾಲೀಕರ ಪಕ್ಕದಲ್ಲೇ ನಡೆಯುವ ಅಭ್ಯಾಸ ಕೊಟ್ಟು ನೋಡಿದರು. ಒಳಗೆ ತಿಂಡಿ ಇದೆಯೋ ಇಲ್ಲವೋ ಗೊತ್ತಿಲ್ಲದ ಬಟ್ಟಲಿನ ಕಡೆಗೆ, ಮೂಸುವ ಗುಂಪಿನ ನಾಯಿಗಳು ಮೊದಲಿಗಿಂತ ಬೇಗ ಹೋಗತೊಡಗಿದವು. ಇದೆ ಅನ್ನೋ ನಿರೀಕ್ಷೆ ಅವುಗಳಲ್ಲಿ ಜಾಸ್ತಿಯಾಗಿತ್ತು ಅಂತ ಅರ್ಥ. ಪಕ್ಕದಲ್ಲಿ ನಡೆದ ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ನಾಯಿ ಕಂಬದ ಹತ್ತಿರ ನಿಂತಾಗ "ಬಾ ಬಾ" ಅಂತ ಎಳೆಯುವವರನ್ನು ಕಂಡರೆ ಇದನ್ನು ಹೇಳಬೇಕು ಅನ್ನಿಸುತ್ತೆ.

ಬೀದಿನಾಯಿಗಳ ವಿಷಯಕ್ಕೆ ಸ್ವಲ್ಪ ಜಾಸ್ತಿ ಸಮಯ ಹಿಡಿಯಿತು. 2023ರ ಬಿಬಿಎಂಪಿ ಗಣತಿಯಲ್ಲಿ ನಗರದ ಬೀದಿನಾಯಿಗಳು ಸುಮಾರು 2.79 ಲಕ್ಷ. ಅಂದರೆ ಅವುಗಳನ್ನು ತಪ್ಪಿಸಿಕೊಂಡು ನಡೆಯುವ ದಾರಿ ಬೆಂಗಳೂರಿನಲ್ಲಿ ಇಲ್ಲ, ಅವುಗಳ ಜೊತೆಗೇ ನಡೆಯಬೇಕು. ಗೇಟಿನ ಹತ್ತಿರ ನಾಲ್ಕಿದ್ದವು. ಮೂರರ ಕಿವಿಯಲ್ಲಿ ಕತ್ತರಿಸಿದ ಗುರುತಿತ್ತು, ಸಂತಾನಹರಣ ಆಗಿದೆ ಅಂತ ಅದರಿಂದ ಗೊತ್ತಾಗುತ್ತೆ. ನಮ್ಮ ಹುಡುಗ ಕೆಲವು ದಿನ ಲಡ್ಡು ಇಲ್ಲದೆ, ಸ್ವಲ್ಪ ಮುಂಚೆ ಬಂದು ಅವುಗಳ ಹತ್ತಿರ ಕೂತು ಹೋಗುತ್ತಿದ್ದ. ಬಿಸ್ಕತ್ತು ಕೊಡೋದೂ ಆಗಲೇ. ಸಾಕುನಾಯಿ ಕೈಯಲ್ಲಿರುವಾಗ ತಿಂಡಿ ತೆಗೆದರೆ ಜಗಳ ಗ್ಯಾರಂಟಿ. ಆಮೇಲೆ ಲಡ್ಡುವನ್ನು ರಸ್ತೆಯ ಆಚೆ ಬದಿಯಿಂದ, ನೇರ ಎದುರು ಹೋಗದೆ ಬಳಸಿಕೊಂಡು ಕರೆದುಕೊಂಡು ಹೋದ. ದಿನದಿಂದ ದಿನಕ್ಕೆ ಆ ಅಂತರ ಕಡಿಮೆಯಾಯಿತು. ಕೆಲವು ವಾರದ ಮೇಲೆ ಆ ನಾಲ್ಕೂ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತಿದ್ದವು. ಕಿವಿ ಗುರುತಿಲ್ಲದ ನಾಲ್ಕನೆಯದನ್ನು ಬೀದಿನಾಯಿಗಳ ಸಂತಾನಹರಣ ಮಾಡಿಸುವ ಎಬಿಸಿ ಗಾಡಿಯವರಿಗೆ ಹೇಳಿ ಆಪರೇಷನ್ ಮಾಡಿಸಿದ್ದು ಸೊಸೆ.

ಬದಲಾದದ್ದು, ಬದಲಾಗದ್ದು

ಬಾಲ್ಕನಿಯ ಚೈನು ಮೊದಲ ವಾರವೇ ಹೋಯಿತು. ಮಧ್ಯಾಹ್ನದ ಬೊಗಳಾಟ ಪೂರ್ತಿ ನಿಂತಿತು ಅನ್ನಲಾರೆ, ಗ್ರೂಪಿನಲ್ಲಿ ದೂರು ಬರುವಷ್ಟು ಉಳಿಯಲಿಲ್ಲ. ಲಿಫ್ಟಿನ ಸದ್ದಿಗೆ ಎರಡು ಸಲ ಬೊಗಳಿ ಸುಮ್ಮನಾಗುವುದು ಈಗಲೂ ಇದೆ. ಅದು ನಾಯಿಯ ಗುಣ.

ತೂಕದ ವಿಷಯದಲ್ಲಿ ಸತ್ಯ ಹೇಳಬೇಕು. ನಡಿಗೆಯಿಂದಲೇ ತೂಕ ಇಳಿಯುತ್ತೆ ಅಂತ ಹೇಳಿ ದುಡ್ಡು ತಗೊಳ್ಳುವವರನ್ನು ನಂಬಬೇಡಿ. ಲಡ್ಡುವಿನ ತೂಕ ಇದ್ದದ್ದು ತಟ್ಟೆಯಲ್ಲಿ. ಡ್ರೈ ಫುಡ್ ಎರಡು ಹೊತ್ತು, ಅದರ ಮೇಲೆ ಅಜ್ಜಿಯ ಮೊಸರನ್ನ, ಎಲ್ಲರ ಕಾಫಿ ಜೊತೆ ಮಾರಿ ಬಿಸ್ಕತ್ತು, ರಾತ್ರಿ ತುಪ್ಪದ ಚಪಾತಿ. "ಎಷ್ಟು ಹಾಕಿದ್ರೂ ಹಸಿವು ಹಸಿವು ಅಂತ ನೋಡತ್ತಮ್ಮ, ಹೊಟ್ಟೆ ಉರಿಯತ್ತೆ" ಅಂದರು ಅಜ್ಜಿ. ಅವರ ಮಾತಿನಲ್ಲಿ ನಿಜ ಇದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ಕಂಡುಕೊಂಡ ಪ್ರಕಾರ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಪಿಒಎಂಸಿ ಅನ್ನುವ ಜೀನಿನ ಒಂದು ಭಾಗ ಕಾಣೆಯಾಗಿರುತ್ತೆ, ಅಂಥ ನಾಯಿಗೆ ತಿನ್ನುವ ಆಸೆ ಜಾಸ್ತಿ. ಲಡ್ಡುಗೆ ಆ ಪರೀಕ್ಷೆ ಮಾಡಿಸಿಲ್ಲ, ಆದರೆ ಈ ತಳಿಯ ಕಣ್ಣೋಟವನ್ನು ಹಸಿವಿನ ಅಳತೆ ಮಾಡಿಕೊಳ್ಳಬಾರದು. ಇನ್ನೊಂದು ವಿಷಯ ಅಜ್ಜಿಯ ಮನಸ್ಸಿಗೆ ನಾಟಿತು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಹುಟ್ಟಿದಾಗಿನಿಂದ ಸಾಯುವ ತನಕ ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ನಾಯಿಗಳನ್ನು ಜೋಡಿ ಮಾಡಿದ್ದರು, ಜೊತೆಗಾರ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದ್ದವು. "ಎರಡು ವರ್ಷನಾ?" ಅಂತ ಕೇಳಿ ಅಜ್ಜಿ ಸುಮ್ಮನೆ ಎದ್ದು ಒಳಗೆ ಹೋದರು. ಬಿಸ್ಕತ್ತಿನ ಡಬ್ಬ ಮೇಲಿನ ಶೆಲ್ಫಿಗೆ ಹೋಯಿತು. ಈಗ ಒಂದು ಚಮಚ ಮೊಸರನ್ನ, ಉಳಿದಂತೆ ಬೇಯಿಸಿದ ಕುಂಬಳಕಾಯಿ, ಬೀನ್ಸ್. ಮುಂದಿನ ಮಾರ್ಚ್ ಹೊತ್ತಿಗೆ ತೂಕ 33 ಕೆಜಿಗೆ ಬಂತು.

ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ಬಿಸಿಲಿಗೆ ನಡಿಗೆ ಆಗೋದಿಲ್ಲ. ಮಾರ್ಚಿನಿಂದ ಮೇ ತನಕ ಒಂಬತ್ತೂವರೆಗೆ ತಂದೆವು. ಅಂಗೈಯ ಹಿಂಭಾಗವನ್ನು ಟಾರಿನ ಮೇಲೆ ಐದು ಸೆಕೆಂಡ್ ಇಡೋದಕ್ಕೆ ಆಗದಿದ್ದರೆ ಆ ರಸ್ತೆಯಲ್ಲಿ ನಾಯಿ ನಡೆಯಬಾರದು. ಅವತ್ತು ಅಪಾರ್ಟ್‌ಮೆಂಟಿನ ಹುಲ್ಲಿನ ನೆರಳಲ್ಲೇ ತಿಂಡಿ ಬಚ್ಚಿಟ್ಟು ಹುಡುಕುವ ಆಟ.

ನನ್ನ ಪ್ರಕಾರ ಈ ಪ್ರಕರಣದ ದೊಡ್ಡ ಲಾಭ ಯಾರೂ ಎಣಿಸದೇ ಇದ್ದದ್ದು. ನಡಿಗೆ ಮುಗಿದ ಮೇಲೆ ನಮ್ಮ ಹುಡುಗ ದಿನಾ ಕಾಲು ಒರೆಸುತ್ತಿದ್ದ, ಬೆರಳ ಸಂದಿ, ಕಿವಿಯ ಒಳಗೆ, ಬಾಲದ ಬುಡ ನೋಡುತ್ತಿದ್ದ, ಮಲ ಹೇಗಿತ್ತು ಅಂತ ಒಂದು ಸಾಲು ಬರೆದು ಕಳಿಸುತ್ತಿದ್ದ. ಅಕ್ಟೋಬರಿನಲ್ಲಿ ಮುಂಗಾಲಿನ ಬೆರಳ ನಡುವೆ ಉಣ್ಣಿ ಸಿಕ್ಕಿತು, ತೆಗೆದ. ಕೆಲವು ದಿನದ ಮೇಲೆ "ಇವತ್ತು ಎಳನೀರು ಗಾಡಿ ಹತ್ರ ನಿಲ್ಲಲಿಲ್ಲ, ತಾನಾಗೇ ಮನೆ ಕಡೆ ತಿರುಗಿದ" ಅಂತ ಬರೆದ. ಮನೆಯಲ್ಲಿ ಊಟ ಸರಿಯಾಗೇ ಮಾಡುತ್ತಿದ್ದ, ಯಾರಿಗೂ ಅನುಮಾನ ಬಂದಿರಲಿಲ್ಲ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿದರು, ಪ್ಲೇಟ್‌ಲೆಟ್ ಇಳಿದಿತ್ತು, ಎರ್ಲಿಕಿಯಾ. ನಮ್ಮಲ್ಲಿ ಟಿಕ್ ಫೀವರ್ ಅನ್ನುತ್ತೇವಲ್ಲ, ಅದರಲ್ಲಿ ಒಂದು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಹುಷಾರಾದ. ಇದೇ ಕಾಯಿಲೆ ತಡವಾಗಿ ಗೊತ್ತಾದರೆ ಮೂಗಿನಿಂದ ರಕ್ತ ಸೋರುವ ತನಕ ಹೋಗುತ್ತೆ, ಪ್ರಾಣಕ್ಕೂ ಕುತ್ತು. ಅದೇ ನಾಯಿಯನ್ನು ಅದೇ ಹೊತ್ತಿಗೆ ದಿನಾ ನೋಡುವ ಒಬ್ಬ ಮನುಷ್ಯ ಬೇಕು ಅಂತ ನಾನು ಹಟ ಮಾಡೋದು ಇದಕ್ಕೇ. ಇವತ್ತೊಬ್ಬ ನಾಳೆ ಇನ್ನೊಬ್ಬ ಬಂದರೆ ಗಾಡಿ ಹತ್ತಿರ ನಿಲ್ಲದೇ ಇದ್ದದ್ದು ಯಾರಿಗೆ ಗೊತ್ತಾಗಬೇಕು?

ಮನೆಯವರಿಗೆ ಏನು ಸಿಕ್ಕಿತು

ನಾಯಿಗೆ ದುಡ್ಡು ಕೊಟ್ಟು ವಾಕಿಂಗ್ ಮಾಡಿಸಿದರೆ ಮನೆಯವರು ಸೋಮಾರಿಗಳಾಗುತ್ತಾರೆ ಅಂತ ಹೇಳೋರಿದ್ದಾರೆ. ಇಲ್ಲಿ ಆದದ್ದು ತಿರುವುಮುರುವು. ಮೊದಲು ಆಫೀಸಿನಿಂದ ಬರುವ ಹೊತ್ತಿಗೆ ಬಾಗಿಲಲ್ಲೇ ಮೈಮೇಲೆ ಹಾರುವ ನಾಯಿ, ಎಳೆದಾಡುವ ನಾಯಿ. ಇಬ್ಬರಲ್ಲಿ ಯಾರು ಕೆಳಗೆ ಕರೆದುಕೊಂಡು ಹೋಗಬೇಕು ಅಂತ ದಿನಾ ವಾದ. ಮಧ್ಯಾಹ್ನದ ಪಾಲು ಇಳಿದ ಮೇಲೆ ಸಂಜೆಯ ಲಡ್ಡು ಬೇರೆ ನಾಯಿಯೇ ಆದ. ಹಾರ್ನೆಸ್ ಇರೋದರಿಂದ ಸೊಸೆಗೂ ಹಿಡಿಯೋದು ಸಲೀಸು. ಇಬ್ಬರೂ ಊಟ ಮುಗಿಸಿ ಅವನ ಜೊತೆ ಒಟ್ಟಿಗೆ ಹೋಗತೊಡಗಿದರು, ದಿನದಲ್ಲಿ ಅವರಿಬ್ಬರೂ ಫೋನು ಬಿಟ್ಟು ಮಾತಾಡುವ ಹೊತ್ತು ಅದೊಂದೇ ಅಂತ ಅವರೇ ಹೇಳಿದರು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬ್ರಿಟನ್ನಿನಲ್ಲಿ 2019ರಲ್ಲಿ ಬಂದ ಅಧ್ಯಯನದಲ್ಲಿ, ನಾಯಿ ಇರುವವರು ಆ ಗುರಿ ಮುಟ್ಟುವ ಸಾಧ್ಯತೆ ನಾಯಿ ಇಲ್ಲದವರಿಗಿಂತ ನಾಲ್ಕು ಪಟ್ಟು ಕಂಡಿತ್ತು. ನಾಯಿ ಇದ್ದ ಮಾತ್ರಕ್ಕೆ ಆಗೋದಿಲ್ಲ, ಅದರ ಜೊತೆ ನಡೆಯೋದು ಹಿತವಾಗಿರಬೇಕು.

ಅಜ್ಜಿಯ ಭಯ ಹೋಗಲು ಬಹಳ ದಿನ ಬೇಕಾಯಿತು. ಮೊದಲು ನಮ್ಮ ಹುಡುಗ ಬಂದರೆ ದೂರ ನಿಂತು "ಜೋಪಾನ ಕಣಪ್ಪ" ಅನ್ನುತ್ತಿದ್ದರು. ಆಮೇಲೆ ಅವನಿಗೆ ಮಜ್ಜಿಗೆ. ಆಮೇಲೆ ಲಿಫ್ಟಿನ ತನಕ. ಒಂದು ದಿನ "ಅಜ್ಜಿ, ನೀವೂ ಬನ್ನಿ, ಹಗ್ಗ ನಾನೇ ಹಿಡ್ಕೊತೀನಿ" ಅಂತ ಅವನೇ ಕರೆದುಕೊಂಡು ಹೋದ. ಆಮೇಲೆ ವಾರದಲ್ಲಿ ಎರಡು ಮೂರು ದಿನ ಹೋಗತೊಡಗಿದರು, ಎಳನೀರಿನವರ ಹೆಂಡತಿಯೂ ತುಮಕೂರಿನವರೇ ಅಂತ ಗೊತ್ತಾಯಿತು, ಬೆಂಗಳೂರಿನಲ್ಲಿ ಮಾತಾಡಿಸೋರೇ ಇಲ್ಲ ಅನ್ನುವ ದೂರು ನಿಂತಿತು.

ದುಡ್ಡಿನ ಮಾತು. ಈ ಮನೆಯಿಂದ ನಾವು ತಿಂಗಳಿಗೆ 5,500 ತಗೊಂಡೆವು. ಎಲ್ಲರಿಗೂ ಆಗುವ ಮೊತ್ತ ಅಲ್ಲ, ನನಗೆ ಗೊತ್ತಿದೆ. ಅದಕ್ಕೇ ಐದು ದಿನ ಬೇಡದವರಿಗೆ ಎರಡು ದಿನ ಮಾಡಿ, ಉಳಿದದ್ದನ್ನು ಮನೆಯವರಿಗೆ ಕಲಿಸಿಕೊಡುತ್ತೇವೆ. ಯಾರನ್ನೇ ಇಟ್ಟುಕೊಳ್ಳಿ, ಸಂಬಳಕ್ಕಿಂತ ಮೊದಲು ಇಷ್ಟು ಕೇಳಿ: ಒಬ್ಬರೇ ಬರುತ್ತಾರಾ, ಒಂದು ಸಲಕ್ಕೆ ಎಷ್ಟು ನಾಯಿ, ನಾಯಿ ಕೈತಪ್ಪಿದರೆ ಏನು ಮಾಡುತ್ತಾರೆ, ಯಾವ ಡಾಕ್ಟರಿಗೆ ಫೋನು ಮಾಡುತ್ತಾರೆ. ಮೊದಲ ಕೆಲವು ದಿನ ಹಿಂದೆಯೇ ನಡೆದು ನೋಡಿ. ಬೇಡ ಅನ್ನುವವರನ್ನು ಬಿಟ್ಟುಬಿಡಿ.

2024ರಲ್ಲಿ ಇಬ್ಬರಿಗೂ ವಾರಕ್ಕೆರಡು ದಿನ ಮನೆಯಿಂದ ಕೆಲಸ ಸಿಕ್ಕಿತು, ಬೇರೆ ಬೇರೆ ದಿನ ಹಾಕಿಸಿಕೊಂಡರು. ನಮ್ಮ ಹುಡುಗ ಈಗ ಹೋಗೋದು ಬುಧವಾರ ಮಾತ್ರ, ಜೊತೆಗೆ ದೀಪಾವಳಿಯ ಮೂರು ದಿನ. ಪಟಾಕಿ ಭಯಕ್ಕೆ ನಡಿಗೆಯಿಂದ ಏನೂ ಆಗಿಲ್ಲ. ಆ ಮೂರು ದಿನ ಮಧ್ಯಾಹ್ನ ಮೂರಕ್ಕೇ ಎರಡು ಹಗ್ಗದಲ್ಲಿ ಕರೆದುಕೊಂಡು ಹೋಗಿ ಬರುತ್ತಾನೆ, ಕತ್ತಲಾಗೋ ಮೊದಲು ಬಾತ್‌ರೂಮಿನ ಪಕ್ಕದ ಕೋಣೆಗೆ ಹಾಸಿಗೆ, ಜೋರಾಗಿ ಟಿವಿ, ಡಾಕ್ಟರು ಬರೆದುಕೊಟ್ಟ ಮಾತ್ರೆ. ಈ ವರ್ಷ ಆ ಮಾತ್ರೆಯನ್ನು ಹಬ್ಬಕ್ಕೆ ಒಂದು ವಾರ ಮುಂಚೆಯೇ ಸಣ್ಣ ಡೋಸಿನಲ್ಲಿ ಕೊಟ್ಟು ನೋಡೋಣ ಅಂತ ಡಾಕ್ಟರು ಹೇಳಿದ್ದಾರೆ.